ಸರೋಜಾದೇವಿ ಥರ ಕಾಣಬೇಕು ಅಂತ

ನಮ್ಮಜ್ಜಿಯ ಮದುವೆ ಫೋಟೋ ಇನ್ನೂ ನಮ್ಮ ಮನೆ ಗೋಡೆ ಮೇಲಿದೆ. ಕಪ್ಪು ಬಿಳುಪಿನದು, ದೊಡ್ಡಬಳ್ಳಾಪುರದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಎತ್ತರಕ್ಕೆ ಕಟ್ಟಿದ ತುರುಬು, ಕಿವಿ ಪಕ್ಕ ಇಳಿಬಿಟ್ಟ ಒಂದು ಸುರುಳಿ ಕೂದಲು, ಕಣ್ಣಂಚಿನಿಂದ ಹೊರಗೆ ಎಳೆದ ಕಾಡಿಗೆ, ಪಫ್ ತೋಳಿನ ರವಿಕೆ. ಪಕ್ಕದಲ್ಲಿ ತಾತ ಹೆದರಿದವರ ಹಾಗೆ ನಿಂತಿದ್ದಾರೆ. ಚಿಕ್ಕವರಿದ್ದಾಗ ನಾವು ಅಕ್ಕತಂಗಿ ಇಬ್ಬರೂ "ಇದು ಯಾರಜ್ಜಿ, ಸಿನಿಮಾದವರಾ?" ಅಂತ ಕೇಳುತ್ತಿದ್ದೆವು. "ನಾನೇ ಕಣ್ರೇ. ಸರೋಜಾದೇವಿ ಥರ ಕಾಣಬೇಕು ಅಂತ ಹಂಗೆ ಮಾಡ್ಕೊಂಡಿದ್ದೆ" ಅನ್ನುತ್ತಿದ್ದರು ಅಜ್ಜಿ.

2025ರ ಜುಲೈ 14ರಂದು ಬಿ. ಸರೋಜಾದೇವಿ ತೀರಿಕೊಂಡರು. ಮಾರನೇ ದಿನ ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ, ಅವರ ತಾಯಿಯ ಸಮಾಧಿ ಪಕ್ಕದಲ್ಲೇ ಮಣ್ಣು ಮಾಡಿದರು. ಟೀವಿಯಲ್ಲಿ ದಿನವಿಡೀ ಅವರ ಹಾಡುಗಳೇ. ಅಜ್ಜಿ ಊಟ ಮಾಡುವುದನ್ನೂ ಮರೆತು ನೋಡುತ್ತಾ ಕೂತಿದ್ದರು. ಅವರ ಹಿಂದೆ ಗೋಡೆಗೆ ಒರಗಿ, ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡು ನಮ್ಮ ಚಿಕ್ಕಮ್ಮನ ಮಗಳು ಕೂತಿದ್ದಳು.

ಅವಳು ಗಾರ್ಮೆಂಟ್ಸ್‌ಗೆ ಹೋಗುವವಳು. ಗಂಡಿನ ಕಡೆಯವರು ನೋಡೋಕೆ ಬರುತ್ತಾರೆ ಅಂತ ಗೊತ್ತಾದಾಗ, "ಹುಡುಗಿ ಸ್ವಲ್ಪ ಬಣ್ಣ ಕಡಿಮೆ" ಅನ್ನೋ ಮಾತು ಬರಬಾರದು ಅಂತ ಜೊತೆಯವರು ಹೇಳಿದ ಒಂದು ಟ್ಯೂಬು ತಂದು ರಾತ್ರಿ ಹೊತ್ತು ಹಚ್ಚತೊಡಗಿದಳು. ಚೀಟಿ ಕೇಳಲಿಲ್ಲ, ಕೊಟ್ಟರು. ಮೂರು ವಾರದಲ್ಲಿ ಮುಖ ಬೆಳ್ಳಗೆ ನುಣ್ಣಗೆ ಆಯಿತು. ಎಲ್ಲರೂ ಹೊಗಳಿದರು. ಸುಳ್ಳು ಹೇಳಬಾರದು, ನಾವೂ ಹೊಗಳಿದೆವು. "ಏನೇ ಹಚ್ಚಿದ್ದು, ನಮಗೂ ಹೇಳೇ" ಅಂದೆವು.

ಎರಡು ತಿಂಗಳಾಗುವಷ್ಟರಲ್ಲಿ ಕೆನ್ನೆ ಕೆಂಪಗೆ ಸುಟ್ಟ ಹಾಗಾಯಿತು. ಬಿಸಿಲಿಗೆ ಹೋದರೆ ಉರಿ. ಗುಳ್ಳೆ ಎದ್ದವು, ಕೆನ್ನೆ ಮೇಲೆ ಸಣ್ಣ ರೋಮ ಬಂತು, ಚರ್ಮದ ಕೆಳಗಿನ ನರ ಕಾಣತೊಡಗಿತು. ಕ್ರೀಮು ಬಿಟ್ಟರೆ ಇನ್ನೂ ಜಾಸ್ತಿ, ಹಚ್ಚಿದರೆ ಸ್ವಲ್ಪ ತಣ್ಣಗೆ. ಹಾಗಾಗಿ ಬಿಡೋಕೂ ಆಗದೆ, ಹಚ್ಚೋಕೂ ಆಗದೆ ಅವಳು ನಮ್ಮ ಮನೆಗೆ ಬಂದು ಅಡಗಿ ಕೂತಿದ್ದಳು.

ಹಾಡು ಮುಗಿದು ಜಾಹೀರಾತು ಬಂದಾಗ ಅಜ್ಜಿ ತಿರುಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆವು. ಬೈಯಲಿಲ್ಲ. "ಆ ಫೋಟೋ ತಗೊಂಬಾರೇ" ಅಂದರು.

ಅಜ್ಜಿ 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ನೋಡಿದ್ದರಂತೆ. ಕನ್ನಡದ ಮೊದಲ ಪೂರ್ತಿ ಬಣ್ಣದ ಸಿನಿಮಾ ಅದು. ಅಲ್ಲಿವರೆಗೂ ಬಿಳುಪು ಕಪ್ಪಲ್ಲಿ ಕಂಡಿದ್ದ ಸರೋಜಾದೇವಿ ಟೆಂಟಿನ ಪರದೆ ಮೇಲೆ ಬಣ್ಣದಲ್ಲಿ ಬಂದಾಗ ನೆಲದ ಟಿಕೆಟಿನ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ನೋಡಿದರಂತೆ. ಮಾರನೇ ದಿನದಿಂದಲೇ ಊರಲ್ಲಿ ಶುರು. ಅವರು ಮಾಡಿದ್ದನ್ನೆಲ್ಲ ಅಜ್ಜಿ ಬೆರಳು ಮಡಚಿ ಮಡಚಿ ಹೇಳಿದರು.

ತುಟಿಗೆ ಬಣ್ಣ ಬೇಕಾದರೆ ಎಲೆ ಅಡಿಕೆಗೆ ಸುಣ್ಣ ಒಂದು ಚೂರು ಜಾಸ್ತಿ ಹಾಕಿ ಅಗಿಯೋದು. ಎಲೆ ಅಡಿಕೆ ಹಾಕಿದರೆ ಬೈಯುವ ಅತ್ತೆ ಇದ್ದರೆ, ಕೆಂಪು ಬಣ್ಣದ ಕಾಗದ ಒದ್ದೆ ಮಾಡಿ ತುಟಿಗೆ ಒತ್ತೋದು. ಕಾಡಿಗೆಗೆ ಗರುಗದ ಸೊಪ್ಪಿನ ರಸದಲ್ಲಿ ಬಟ್ಟೆ ನೆನೆಸಿ, ಒಣಗಿಸಿ, ಬತ್ತಿ ಹೊಸೆದು ಹರಳೆಣ್ಣೆಯಲ್ಲಿ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಕವುಚಿ ಇಟ್ಟು, ಬೆಳಗ್ಗೆ ಮಸಿ ಕೆರೆದು ಬೆಣ್ಣೆಯಲ್ಲಿ ಕಲಸೋದು. ಕೂದಲಿಗೆ ಸೀಗೇಕಾಯಿ, ಮೆಂತ್ಯ. ಮುಖಕ್ಕೆ ಕಡಲೆಹಿಟ್ಟು, ಹಾಲಿನ ಕೆನೆ. ತುರುಬು ಎತ್ತರ ಕಾಣಲಿ ಅಂತ ಒಳಗೆ ಹಳೇ ಬಟ್ಟೆಯ ಉಂಡೆ, ಜಡೆ ಉದ್ದ ಕಾಣಲಿ ಅಂತ ಚೌರಿ. "ಸರೋಜಾದೇವೀದೂ ಪೂರ್ತಿ ಅವಳ ಕೂದಲೇನಾ ಅಂತ ಯಾರಿಗ್ಗೊತ್ತು? ನಮ್ದಂತೂ ಅರ್ಧ ಚೌರಿ" ಅಂತ ನಕ್ಕರು.

ಆಮೇಲೆ ಫೋಟೋದಲ್ಲಿ ತಮ್ಮ ಎಡಗೆನ್ನೆ ತೋರಿಸಿದರು. "ಇಲ್ಲೇನಾದ್ರೂ ಕಾಣ್ತದಾ?" ಏನೂ ಇರಲಿಲ್ಲ, ನುಣ್ಣಗಿತ್ತು.

"ಇಲ್ಲಿ ಅಂಗೈ ಅಗಲ ಕಪ್ಪು ಕಲೆ ಇತ್ತು. ಮದುವೆ ಮುಂಚೆ ಬೆಳ್ಳಗಾಗ್ತೀನಿ ಅಂತ ನಿಂಬೆಹಣ್ಣು ಹಿಂಡಿ ಹಚ್ಚಿಕೊಂಡು, ತೊಳೀದೆ ಹೊಲಕ್ಕೆ ಹೋಗ್ಬಿಟ್ಟಿದ್ದೆ. ಬಿಸಿಲಿಗೆ ಬೊಬ್ಬೆ ಎದ್ದು ಕಪ್ಪಾಯ್ತು. ಹೋಗೋಕೆ ತಿಂಗಳುಗಟ್ಟಲೆ ಹಿಡೀತು. ಸ್ಟುಡಿಯೋನೋನು 'ಯೋಚನೆ ಮಾಡ್ಬೇಡಮ್ಮ' ಅಂತ ಪೆನ್ಸಿಲಲ್ಲಿ ತೀಡಿ ತೆಗೆದುಬಿಟ್ಟ."

ಅರವತ್ತು ವರ್ಷ ಆ ಫೋಟೋ ನೋಡಿದವರು ಯಾರಿಗೂ ಈ ಮಾತು ಅಜ್ಜಿ ಹೇಳಿರಲಿಲ್ಲ. ತಂಗಿ ದುಪಟ್ಟಾ ಸರಿಸಿ ಫೋಟೋವನ್ನು ಹತ್ತಿರ ಹಿಡಿದು ನೋಡಿದಳು.

ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಡುವುದು ನಿಜ. ಪೆನ್ಸಿಲಿನ ಮಾತೂ ನಿಜ. ಆಗ ಸ್ಟುಡಿಯೋದವರು ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ತೀಡುತ್ತಿದ್ದರು. ನೆಗೆಟಿವ್‌ನಲ್ಲಿ ಎಲ್ಲಿ ಕಪ್ಪು ಮಾಡುತ್ತಾರೋ ಫೋಟೋದಲ್ಲಿ ಅಲ್ಲಿ ಬಿಳುಪಾಗುತ್ತದೆ.

ಹಾಗಾದರೆ ಅಜ್ಜಿ ಯಾರನ್ನು ನೋಡಿ ಇಷ್ಟೆಲ್ಲ ಮಾಡಿದರೋ ಆ ನಟಿಯರು ಏನು ಮಾಡುತ್ತಿದ್ದರು? ನಾವು ಓದಿ, ಕೇಳಿ ತಿಳಿದುಕೊಂಡಿದ್ದನ್ನು ಹೇಳುತ್ತೇವೆ.

ನಮ್ಮ ಹಳೇ ನಟಿಯರಲ್ಲಿ ಎಷ್ಟೋ ಜನ ನಾಟಕ ಕಂಪನಿಗಳಿಂದ ಬಂದವರು. ನಾಟಕ, ಬಯಲಾಟ, ಯಕ್ಷಗಾನದ ಹಳೇ ಬಣ್ಣಗಳೆಂದರೆ ಸಫೇದ, ಅರದಾಳ, ಇಂಗಳೀಕ. ನಮ್ಮೂರ ಕುರುಕ್ಷೇತ್ರ ನಾಟಕದ ಹಿರಿಯರಿಗೆ ಈ ಹೆಸರು ಗೊತ್ತು. ಅರದಾಳ ಅಂದರೆ ಆರ್ಸೆನಿಕ್ ಮತ್ತು ಗಂಧಕ ಸೇರಿದ ಹಳದಿ ಕಲ್ಲು. ಇಂಗಳೀಕ ಅಂದರೆ ಪಾದರಸ ಮತ್ತು ಗಂಧಕ. ಎರಡೂ ವಿಷವೇ. ಸಿನಿಮಾಕ್ಕೆ ಬಂದ ಮೇಲೆ ಪ್ಯಾನ್‌ಕೇಕ್ ಬಂತು. ಹಾಲಿವುಡ್ಡಿನ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ 1930ರ ದಶಕದ ಕೊನೆಯಲ್ಲಿ ಬಣ್ಣದ ಸಿನಿಮಾಗಾಗಿ ಮಾಡಿದ ಬಿಲ್ಲೆ ಅದು. ಒದ್ದೆ ಸ್ಪಂಜಿನಿಂದ ಮುಖಕ್ಕೆಲ್ಲ ಬಳಿದರೆ ಕಲೆ, ಗುಳ್ಳೆ, ನಿಜವಾದ ಮೈಬಣ್ಣ ಎಲ್ಲವೂ ಅದರ ಅಡಿಗೆ ಹೋಗುತ್ತದೆ. ಕನ್ನಡ ಸಿನಿಮಾಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲ. ದೊಡ್ಡ ದೊಡ್ಡ ದೀಪಗಳ ಕಾವಿನಲ್ಲಿ ಆ ಬಣ್ಣ ಬಳಿದುಕೊಂಡು ನಿಲ್ಲಬೇಕಿತ್ತು.

ದೀಪ ಎಲ್ಲಿಡಬೇಕು ಅನ್ನುವುದೇ ಇನ್ನೊಂದು ಗುಟ್ಟು. ನಾಯಕಿಯ ಮುಖ ಹತ್ತಿರದಿಂದ ತೋರಿಸುವಾಗ ಕ್ಯಾಮೆರಾ ಕಣ್ಣಿಗೆ ತೆಳು ಬಲೆ ಬಟ್ಟೆ ಕಟ್ಟುತ್ತಿದ್ದರು. ಅದರಿಂದ ಸುಕ್ಕು ಮಸುಕಾಗಿ ಮುಖ ಹೊಳೆಯುತ್ತಿತ್ತು.

ಕೆಲವರದು ಬರೀ ಮರೆಮಾಚುವ ಉಪಾಯ. 1960ರ 'ಲವ್ ಇನ್ ಸಿಮ್ಲಾ' ಹಿಂದಿ ಸಿನಿಮಾದಲ್ಲಿ ಸಾಧನಾ ಅವರ ಹಣೆ ಅಗಲ ಅಂತ ಮುಂಗೂದಲು ಕತ್ತರಿಸಿ ಹಣೆ ಮೇಲೆ ಬಿಟ್ಟರು. ದೇಶದ ಹುಡುಗಿಯರೆಲ್ಲ ಅದನ್ನೇ 'ಸಾಧನಾ ಕಟ್' ಅಂತ ಮಾಡಿಸಿಕೊಂಡರು. ಕೆಲವರದು ನೋವಿನ ಉಪಾಯ. ಹಾಲಿವುಡ್ಡಿನ ರೀಟಾ ಹೇವರ್ತ್ ಅವರ ಹಣೆ ಚಿಕ್ಕದು ಅಂತ ಕೂದಲಿನ ಬುಡಬುಡಕ್ಕೂ ವಿದ್ಯುತ್ ಸೂಜಿ ಕೊಟ್ಟು ಹಣೆ ಅಗಲ ಮಾಡಿದ್ದರು. ಒಬ್ಬರ ಹಣೆ ಅಗಲ ಅಂತ ಮುಚ್ಚಿದರು, ಇನ್ನೊಬ್ಬರದು ಚಿಕ್ಕದು ಅಂತ ಸುಟ್ಟರು. ಇದನ್ನು ಹೇಳಿದಾಗ ಅಜ್ಜಿ, "ಅಯ್ಯೋ, ಅವರ ಹಣೇಲೂ ಏನೋ ತಪ್ಪು ಹುಡುಕಿದ್ರಾ?" ಅಂದರು.

ಇದನ್ನೆಲ್ಲ ತೀರ್ಮಾನಿಸುತ್ತಿದ್ದವರು ಬಹಳ ಮಟ್ಟಿಗೆ ಗಂಡಸರು. ಮುಂಬೈನ ಮೇಕಪ್ ಕಲಾವಿದರ ಸಂಘದಲ್ಲಿ ಹೆಂಗಸರು ಕೂದಲು ಅಲಂಕಾರ ಮಾತ್ರ ಮಾಡಬಹುದಿತ್ತು, ಮುಖಕ್ಕೆ ಬಣ್ಣ ಹಚ್ಚುವ ಕೆಲಸದ ಕಾರ್ಡು ಅವರಿಗೆ ಕೊಡುತ್ತಿರಲಿಲ್ಲ. 2014ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದು ತಪ್ಪು ಅಂತ ಹೇಳಬೇಕಾಯಿತು.

ಇಷ್ಟೆಲ್ಲ ಬಣ್ಣ, ಬೆಳಕು, ಬಟ್ಟೆಯಿಂದ ಬಂದ ಹೊಳಪನ್ನು ನಮಗೆ ಮಾರಿದ್ದು ಮಾತ್ರ ಸೋಪು, ಕ್ರೀಮಿನ ಹೆಸರಲ್ಲಿ. 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿಗೆ ಬಂದ ಮೊದಲ ಭಾರತೀಯ ನಟಿ ಲೀಲಾ ಚಿಟ್ನಿಸ್, ನಮ್ಮ ಧಾರವಾಡದಲ್ಲಿ ಹುಟ್ಟಿದವರು. ಸೋಪಿನಿಂದ ಮೈ ಶುಚಿಯಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಜಾಹೀರಾತಿನ ಮುಖದ ಹೊಳಪು ಸೋಪಿನದಲ್ಲ. 1975ರಲ್ಲಿ 'ಫೇರ್ ಅಂಡ್ ಲವ್ಲಿ' ಬಂತು. 2020ರಲ್ಲಿ ಅದರ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಅಂತ ಸೇರಿಸಿದರು. ಹೆಸರು ಬದಲಾಯಿತು, ಹೆಣ್ಣು ನೋಡಲು ಬರುವವರ ಪ್ರಶ್ನೆ ಬದಲಾಗಲಿಲ್ಲ.

ತಂಗಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಟ್ಯೂಬು ನೋಡಿದ ಕೂಡಲೇ "ಇದು ಸ್ಟೀರಾಯ್ಡ್" ಅಂದರು. ಇಸುಬು, ಅಲರ್ಜಿಗೆ ಡಾಕ್ಟರು ಕೆಲವೇ ದಿನಕ್ಕೆ ಬರೆದುಕೊಡುವ ಔಷಧಿ. ಮುಖಕ್ಕೆ ದಿನಾ ಹಚ್ಚಿದರೆ ಮೊದಲು ಬಿಳುಪು ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗುತ್ತದೆ. ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ.

ಓದುತ್ತಿರುವ ನೀವು ಈಗಲೇ ಎದ್ದು ಮನೆಯಲ್ಲಿರುವ ಟ್ಯೂಬು ತಿರುಗಿಸಿ ನೋಡಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಪಕ್ಕದಲ್ಲಿ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಮೇಲೆ ಮಾತ್ರ ಕೊಡುವ ಔಷಧಿ. ತಿಂಗಳುಗಟ್ಟಲೆ ಹಚ್ಚಿದ್ದರೆ ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಉರಿ ಜಾಸ್ತಿಯಾಗಬಹುದು. ಡಾಕ್ಟರಿಗೆ ತೋರಿಸಿ ಬಿಡಿಸಿಕೊಳ್ಳಿ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗ ಇದೆ. ಏನು ಸೇರಿಸಿದ್ದಾರೆ ಅಂತ ಬರೆಯದೇ ಇರುವ ಬಿಳುಪಿನ ಕ್ರೀಮು ಇನ್ನೂ ಅಪಾಯ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ಅಲ್ಲಿನ ವೈದ್ಯರು ಗುರುತಿಸಿದರು. ಕಾರಣ ಪಾದರಸ. ನಾಟಕದವರ ಇಂಗಳೀಕದಲ್ಲಿದ್ದ ಅದೇ ಪಾದರಸ. ಅವರಾದರೂ ಆಟ ಮುಗಿದ ಮೇಲೆ ಎಣ್ಣೆ ಹಾಕಿ ಒರೆಸಿಕೊಳ್ಳುತ್ತಿದ್ದರು. ನಾವು ಹಚ್ಚಿಕೊಂಡು ಮಲಗುತ್ತೇವೆ.

ಆಸ್ಪತ್ರೆಯಿಂದ ಬರುವಾಗ ನೆಲಮಂಗಲದಲ್ಲಿ ಇಳಿದು ನೆಂಟರ ಮನೆಗೆ ಹೋದೆವು. ಅಲ್ಲಿ ಲೀಲಾವತಿಯಮ್ಮನವರ ಮಾತು ಬಂತು. 1960ರ 'ರಣಧೀರ ಕಂಠೀರವ'ದಲ್ಲಿ ರಾಜ್‌ಕುಮಾರ್ ಎದುರು ನಾಯಕಿಯಾಗಿದ್ದ ಲೀಲಾವತಿ ಕೊನೆಯವರೆಗೂ ಇದ್ದದ್ದು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯ ತೋಟದಲ್ಲಿ. ಮಗ ವಿನೋದ್ ರಾಜ್ ಜೊತೆ ಬೇಸಾಯ ಮಾಡಿಕೊಂಡಿದ್ದರು. ಊರವರಿಗಾಗಿ ಆಸ್ಪತ್ರೆ ಕಟ್ಟಿಸಿಕೊಟ್ಟರು, ದನಕರುಗಳಿಗೂ ಒಂದು ಆಸ್ಪತ್ರೆ ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ತೀರಿಕೊಂಡಾಗ ಆ ತೋಟದಲ್ಲೇ ಮಣ್ಣು ಮಾಡಿದರು. ನೆರೆತ ಕೂದಲು, ಸುಕ್ಕುಗಟ್ಟಿದ ಮುಖದಲ್ಲಿ ಅವರನ್ನು ಟೀವಿಯಲ್ಲಿ ನಾವೆಲ್ಲ ನೋಡಿದ್ದೇವೆ. ಅವರು ಅದನ್ನು ಮುಚ್ಚಿಕೊಂಡು ಕೂರಲಿಲ್ಲ. ತಂಗಿ ಈ ಮಾತುಗಳನ್ನು ಸುಮ್ಮನೆ ಕೇಳುತ್ತಿದ್ದಳು.

ಈಗ ಅವಳ ಮುಖ ನಿಧಾನಕ್ಕೆ ಸರಿಯಾಗುತ್ತಿದೆ, ಪೂರ್ತಿ ಆಗಿಲ್ಲ. ನೋಡಲು ಬರಬೇಕಿದ್ದವರು ಬರಲಿಲ್ಲ. ಚಿಕ್ಕಮ್ಮ ಇನ್ನೊಂದು ಕಡೆ ಕೊಡಲು ಫೋಟೋ ಬೇಕು ಅಂದರು. ನಾವು ಫೋನಿನಲ್ಲಿ ತೆಗೆದೆವು. ಫೋನು ತಾನಾಗಿಯೇ ಕಲೆ ಅಳಿಸಿ, ಬಣ್ಣ ತಿಳಿ ಮಾಡಿ ತೋರಿಸಿತು. ಅಜ್ಜಿ ಇಣುಕಿ ನೋಡಿ, "ಇದ್ರೊಳಗೂ ಪೆನ್ಸಿಲ್ ಇಟ್ಟವ್ನಾ?" ಅಂದರು.

ತಂಗಿ ಫೋನು ಇಸಿದುಕೊಂಡು ಆ ಬ್ಯೂಟಿ ಬಟನ್ ಆಫ್ ಮಾಡಿದಳು. "ಇನ್ನೊಂದ್ಸಲ ತೆಗೀರಿ ಅಕ್ಕ" ಅಂದಳು. ತೆಗೆದೆವು. ಕೆನ್ನೆ ಮೇಲಿನ ಕೆಂಪು ಹಾಗೇ ಬಂದಿದೆ. ಆ ಫೋಟೋವನ್ನೇ ಕಳಿಸಿದ್ದೇವೆ.