ಸಾರ್ವಜನಿಕ ರಸ್ತೆಯಲ್ಲಿ ಮೊಹರಿನ ಕಟ್ಟು

ವಿ.ಪಿ.ಎನ್. ಎಂದರೆ ವರ್ಚುಯಲ್ ಪ್ರೈವೇಟ್ ನೆಟ್‌ವರ್ಕ್. ಇದರಲ್ಲಿನ ಮೊದಲ ಪದವನ್ನು ‘ಮಿಥ್ಯಾ’ ಎಂದು ಅನುವಾದಿಸಿದರೆ ವೇದಾಂತದ ವಾಸನೆ ಬಡಿಯುತ್ತದೆ. ಆದುದರಿಂದ ಪದವನ್ನು ಅದರ ಪಾಡಿಗೆ ಬಿಟ್ಟು ಅರ್ಥವನ್ನಷ್ಟೇ ನೋಡೋಣ. ದಾರಿ ಎಲ್ಲರದು, ಆದರೆ ಆ ದಾರಿಯಲ್ಲಿ ಸಾಗುವ ಸರಕು ನಮ್ಮೊಬ್ಬರದು.

ನನ್ನಂತಹ ಹೈಸ್ಕೂಲು ಮೇಷ್ಟರಿಗೆ ಇದು ಹೊಸ ವಿಚಾರವೇನಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯ ಕಟ್ಟು ತಾಲ್ಲೂಕಿನ ಖಜಾನೆಯಿಂದ ಹೊರಟು, ಎತ್ತಿನ ಗಾಡಿ, ಬಸ್ಸು, ಕುರಿಮಂದೆಗಳು ಓಡಾಡುವ ಅದೇ ರಸ್ತೆಯಲ್ಲಿ ಪರೀಕ್ಷಾ ಕೇಂದ್ರಕ್ಕೆ ಬರುತ್ತಿತ್ತು. ಅದಕ್ಕೆಂದು ಸರ್ಕಾರ ಪ್ರತ್ಯೇಕ ರಸ್ತೆಯನ್ನೇನೂ ಹಾಕಿಸಿರಲಿಲ್ಲ. ಮೊಹರು ಗಟ್ಟಿಯಾಗಿರಬೇಕು, ತಂದವರು ಯಾರೆಂದು ಗೊತ್ತಿರಬೇಕು, ಒಡೆಯುವವರು ಅಧಿಕಾರವುಳ್ಳವರಾಗಿರಬೇಕು, ಅಷ್ಟೇ. ವಿ.ಪಿ.ಎನ್. ಮಾಡುವುದೂ ಇಷ್ಟೇ. ನಾವು ಕಳುಹಿಸುವ ಪ್ರತಿಯೊಂದು ತುಣುಕನ್ನೂ ಗೂಢಲಿಪಿಗೆ ತಿರುಗಿಸಿ, ಮೇಲೊಂದು ಲಕೋಟೆ ಹೊದಿಸಿ, ಅಂತರ್ಜಾಲದ ಬಯಲು ರಸ್ತೆಗೆ ಬಿಡುತ್ತದೆ. ಆಚೆಯ ತುದಿಯಲ್ಲಿ ಲಕೋಟೆ ಒಡೆದು, ಒಳಗಿನದನ್ನು ಕಚೇರಿಯ ಜಾಲಕ್ಕೆ ಒಪ್ಪಿಸುತ್ತದೆ.

ಇದನ್ನು ನಾನು ಹತ್ತಿರದಿಂದ ಕಂಡದ್ದು 2020ರಲ್ಲಿ. ಆ ವರ್ಷ ಯುಗಾದಿಯೂ ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನವೂ ಮಾರ್ಚ್ 25ರಂದೇ ಬಿದ್ದವು. ಹಬ್ಬಕ್ಕೆಂದು ಬಂದ ಮಗಳು ಊರಿನಲ್ಲಿಯೇ ಉಳಿಯಬೇಕಾಯಿತು. ಅವಳು ಶಿವಮೊಗ್ಗದ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸದಲ್ಲಿದ್ದಳು. ಕೆಲಸ ಸಾಗಿಸಿದವರಿಗಷ್ಟೇ ಏಪ್ರಿಲ್ ತಿಂಗಳ ಪೂರ್ತಿ ಸಂಬಳ ಎಂದು ಯಜಮಾನರು ಫೋನಿನಲ್ಲಿ ತಿಳಿಸಿದ್ದರು. ಅವರನ್ನು ದೂರಲಾಗದು, ಅವರಿಗೂ ಬರುವ ಹಣ ನಿಂತಿತ್ತು. ಆದರೆ ಮಗಳ ಮನೆಸಾಲದ ಕಂತು ನಡೆಯುತ್ತಿದ್ದುದು ಆ ಸಂಬಳದಿಂದಲೇ. ಕಡತಗಳೆಲ್ಲ ಕಚೇರಿಯ ಬೀಗದೊಳಗಿನ ಕಂಪ್ಯೂಟರಿನಲ್ಲಿದ್ದವು.

ಆ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೆಯ ಪೋರ್ಟನ್ನು ಹೊರಗಿನವರಿಗೆ ತೆರೆದುಬಿಟ್ಟರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ ಎಂದು ಯಾರೋ ಯಜಮಾನರಿಗೆ ಸಲಹೆ ಕೊಟ್ಟಿದ್ದರು. ಹುಡುಗ ಒಪ್ಪಲಿಲ್ಲ. “ಸರ್, ಅದು ಬೀದಿ ಬಾಗಿಲು ತೆಗೆದಿಟ್ಟು ಒಳಕೋಣೆಗೆ ಚಿಲಕ ಹಾಕಿದ ಹಾಗೆ. ಕಳ್ಳರು ಹಗಲು ರಾತ್ರಿ ಅಂತಹ ಬಾಗಿಲುಗಳನ್ನೇ ಹುಡುಕುತ್ತಾ ಇರುತ್ತಾರೆ” ಎಂದ. ನೂರಾರು ಕಕ್ಷಿದಾರರ ಪ್ಯಾನ್ ಸಂಖ್ಯೆ, ಬ್ಯಾಂಕಿನ ವಿವರಗಳಿದ್ದ ಜಾಗವದು. ಅವನ ಹಟ ನನಗೆ ಮೆಚ್ಚುಗೆಯಾಯಿತು.

ಅವನು ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಓಪನ್‌ವಿಪಿಎನ್ ಎಂಬ ತಂತ್ರಾಂಶವನ್ನು ಕೂರಿಸಿದ. ಜೇಮ್ಸ್ ಯೋನಾನ್ ಎಂಬವರು 2001ರಲ್ಲಿ ಹೊರತಂದ ಇದು ಉಚಿತವಾಗಿ ದೊರೆಯುತ್ತದೆ. 1194ನೆಯ ಪೋರ್ಟೊಂದನ್ನೇ ತೆರೆದ. ಪ್ರತಿಯೊಬ್ಬ ನೌಕರರಿಗೂ ಬೇರೆ ಬೇರೆ ಪ್ರಮಾಣಪತ್ರ, ಜೊತೆಗೆ ಗುಪ್ತಪದ. ಎಲ್ಲರಿಗೂ ಒಂದೇ ಬೀಗದ ಕೈ ಕೊಡಬಾರದೇ ಎಂದು ನಾನು ಕೇಳಿದ್ದೆ. ಅದಕ್ಕೆ ಉತ್ತರ ಆ ವರ್ಷದ ಕೊನೆಗೆ ದೊರೆಯಿತು. ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪು ಬಸ್ಸಿನಲ್ಲಿ ಕಳೆದುಹೋದಾಗ ಅವರ ಒಂದು ಪತ್ರವನ್ನು ಮಾತ್ರ ರದ್ದುಗೊಳಿಸಿದರೆ ಸಾಕಾಯಿತು, ಉಳಿದವರ ಕೆಲಸಕ್ಕೆ ಅಡ್ಡಿಯಾಗಲಿಲ್ಲ.

ಇಷ್ಟಾದರೂ ಮೊದಲ ದಿನ ಮಗಳಿಗೆ ಏನೂ ಕಾಣಿಸಲಿಲ್ಲ. ಸಂಪರ್ಕವಾಗಿದೆ ಎಂಬ ಹಸಿರು ಗುರುತು ಬಂದಿತ್ತು, ಆದರೆ ಕಚೇರಿಯ ಕಂಪ್ಯೂಟರು ಮಾತ್ರ ಓಗೊಡಲಿಲ್ಲ. ಕಾರಣ ಸ್ವಾರಸ್ಯವಾಗಿದೆ. ನಮ್ಮ ಮನೆಯ ರೂಟರೂ ಕಚೇರಿಯ ರೂಟರೂ 192.168.1 ಎಂಬ ಒಂದೇ ಸಂಖ್ಯಾಸರಣಿಯನ್ನು ಬಳಸುತ್ತಿದ್ದವು. ನಮ್ಮ ನಾಡಿನಲ್ಲಿ ಹೊಸಹಳ್ಳಿಗಳು ಎಷ್ಟಿವೆಯೋ ಲೆಕ್ಕವಿಲ್ಲ. ತಾಲ್ಲೂಕಿನ ಹೆಸರಿಲ್ಲದೆ ‘ಹೊಸಹಳ್ಳಿ’ ಎಂದಷ್ಟೇ ಬರೆದ ಕಾಗದವನ್ನು ಅಂಚೆಯವನು ಹತ್ತಿರದ ಹೊಸಹಳ್ಳಿಗೇ ಕೊಂಡೊಯ್ಯುತ್ತಾನಲ್ಲವೇ? ಹಾಗೆಯೇ ಮಗಳ ಕಂಪ್ಯೂಟರು ಕಚೇರಿಯ ಯಂತ್ರವನ್ನು ನಮ್ಮ ಪಡಸಾಲೆಯಲ್ಲಿಯೇ ಹುಡುಕುತ್ತಿತ್ತು. ಎಲ್ಲರ ಮನೆಯ ರೂಟರುಗಳನ್ನು ತಿದ್ದುವುದಕ್ಕಿಂತ ಒಂದು ಕಚೇರಿಯನ್ನು ತಿದ್ದುವುದು ಲೇಸೆಂದು ಹುಡುಗ ಅನುಮತಿ ಪಡೆದು ಒಂದು ಬೆಳಗ್ಗೆ ಹೋಗಿ, ಅಲ್ಲಿನ ಸಂಖ್ಯೆಗಳನ್ನು ಹತ್ತರಿಂದ ಆರಂಭವಾಗುವ ಬೇರೊಂದು ಸರಣಿಗೆ ಬದಲಾಯಿಸಿ ಬಂದ.

ಮತ್ತೊಂದು ತೊಡಕು ವೇಗದ್ದು. ಮನೆಯಲ್ಲಿ ಕುಳಿತವರು ಕಡತವನ್ನು ಇಳಿಸಿಕೊಳ್ಳುವಾಗ ಕಚೇರಿ ಅದನ್ನು ಏರಿಸಬೇಕು. ಹಳೆಯ ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಏರಿಸುವ ವೇಗ ಇಳಿಸುವ ವೇಗದ ಒಂದು ಸಣ್ಣ ಪಾಲು ಮಾತ್ರ. ಲೆಕ್ಕದ ಪುಸ್ತಕವನ್ನೇ ಸುರಂಗದಲ್ಲಿ ಎಳೆದು ತರಲು ಹೋದರೆ ಒಂದು ನಮೂದಿಗೆ ಕಾಫಿ ಕುಡಿದು ಬರುವಷ್ಟು ಹೊತ್ತು. ಕೊನೆಗೆ ಪುಸ್ತಕವನ್ನು ಅಲ್ಲಿಯೇ ಬಿಟ್ಟು, ಸುರಂಗದ ಒಳಗಿನಿಂದ ಅದೇ ರಿಮೋಟ್ ಡೆಸ್ಕ್‌ಟಾಪನ್ನು ನಡೆಸಿದರು. ಆಗ ಪ್ರಯಾಣ ಮಾಡುವುದು ಪರದೆಯ ಚಿತ್ರ, ಕೀಲಿಯ ಒತ್ತು ಮಾತ್ರ. ಬೀದಿಗೆ ತೆರೆದರೆ ಅಪಾಯವೆನಿಸಿದ್ದೇ ಒಳಗೆ ಬಂದೊಡನೆ ಉಪಕಾರಿಯಾಯಿತು. ಏಪ್ರಿಲ್ ತಿಂಗಳ ಸಂಬಳ ಪೂರ್ತಿಯಾಗಿಯೇ ಬಂದಿತು.

ವಿ.ಪಿ.ಎನ್. ಕಾನೂನುಬಾಹಿರವಲ್ಲವೇ ಎಂದು ಮಿತ್ರರು ಈಗಲೂ ಕೇಳುವುದುಂಟು. ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ವಿ.ಪಿ.ಎನ್. ಸೇವೆಯನ್ನು ಮಾರುವವರಿಗೆ ಸಂಬಂಧಿಸಿದ್ದು. ಅವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಅದು ಹೇಳಿತು. ಕಚೇರಿಗಳು ತಮ್ಮವರಿಗಾಗಿ ನಡೆಸುವ ಜಾಲಕ್ಕೆ ಅದು ಅನ್ವಯಿಸದೆಂದು ಅನಂತರ ಸ್ಪಷ್ಟಪಡಿಸಲಾಯಿತು. ಜಾಹೀರಾತಿನವರು ಮಾರುವ ‘ಸಂಪೂರ್ಣ ಗೋಪ್ಯತೆ’ಯಲ್ಲಿ ಮಾತ್ರ ನನಗೆ ನಂಬಿಕೆಯಿಲ್ಲ. ಅಲ್ಲಿ ಲಕೋಟೆ ಒಡೆಯುವವರು ಅವರೇ ತಾನೇ?

ಸುರಂಗ ದಾರಿಯನ್ನಷ್ಟೇ ಕಾಯುತ್ತದೆ, ತುದಿಗಳನ್ನಲ್ಲ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಬಾರಿ ಬಯಲಾಗಿ, ಮಕ್ಕಳು ಮೂರನೆಯ ಸಲ ಸಿದ್ಧರಾಗಬೇಕಾದ ಸಂಕಟ ಓದುಗರಿಗೆ ನೆನಪಿರಬಹುದು. ಮಗಳ ಲ್ಯಾಪ್‌ಟಾಪನ್ನು ಮೊಮ್ಮಗ ಆಟಕ್ಕೆ ಕೇಳಿದಾಗ ಅವಳು ಕೊಡದಿದ್ದುದು ಇದೇ ಕಾರಣಕ್ಕೆ. ಆ ದಿನ ಅವನು ಅತ್ತ, ನನ್ನ ಹೆಂಡತಿ ಮಗಳನ್ನು ಗದರಿಸಿದಳು, ನಾನು ಮಗಳ ಪರ ವಹಿಸಿದೆ.

ಆ ಹಳೆಯ ಕಂಪ್ಯೂಟರು ಈಗ ನಿವೃತ್ತವಾಗಿದೆ. ಅದರ ಜಾಗದಲ್ಲಿ ವೈರ್‌ಗಾರ್ಡ್ ಎಂಬ ಹೊಸ ವಿಧಾನ ಬಂದಿದೆ. ಇದು ಲಿನಕ್ಸಿನ ತಿರುಳಿಗೆ ಸೇರಿ ಹೊರಬಂದದ್ದು 2020ರ ಮಾರ್ಚ್ 29ರಂದು, ನಾವೆಲ್ಲ ಮನೆಯೊಳಗೆ ಸೇರಿದ ಆ ವಾರದಲ್ಲಿಯೇ. ಮಗಳು ತಿಂಗಳಿಗೆ ಒಂದು ವಾರ ಬಂದು ಇಲ್ಲಿಂದಲೇ ಕೆಲಸ ಮಾಡುತ್ತಾಳೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಮಾತ್ರ ಕಚೇರಿಯವರಿಗೆ ಫೋನು ಮಾಡುತ್ತಾಳೆ.