ರಾಜಗಡದಿಂದ ತೋರಣಾಕ್ಕೆ ಕಾಲ್ನಡಿಗೆ

ನಲವತ್ತು ದಾಟಿದ ಮೇಲೆ ಬೆಟ್ಟ ಹತ್ತುವುದೇ ಎಂದು ಹುಬ್ಬೇರಿಸಬೇಡಿ, ಸೋದರಿಯರೇ. ಪುಣೆಯಲ್ಲಿರುವ ನಾದಿನಿಯ ಜೊತೆ ನಾನು ೨೦೧೮ರ ಡಿಸೆಂಬರಿನಲ್ಲಿ ಹತ್ತಿ ಬಂದೆ.

ಗುಂಜವಣೆ ಹಳ್ಳಿಯಿಂದ ಏರಿ, ಕೊನೆಗೆ ಕಂಬಿ ಹಿಡಿದು ಬಂಡೆ ಹತ್ತಿ ಚೋರ ದರವಾಜೆ ಹೊಕ್ಕರೆ ರಾಜಗಡದ ಪದ್ಮಾವತಿ ಮಾಚಿ. ಮಾಚಿ ಎಂದರೆ ಕೋಟೆಯ ಚಾಚಿಕೊಂಡ ಬಯಲು. ರಾಯಗಡಕ್ಕೆ ಹೋಗುವ ಮುನ್ನ ಶಿವಾಜಿ ಮಹಾರಾಜರ ರಾಜಧಾನಿ ಇದೇ. ಅವರ ಪತ್ನಿ ಸಯೀಬಾಯಿಯವರ ಸಮಾಧಿಯೂ ಇಲ್ಲಿದೆ. ೧೬೫೯ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಮಗ ಸಂಭಾಜಿಗೆ ಎರಡೇ ವರ್ಷ. ನಮ್ಮ ಬಿಜಾಪುರದಿಂದ ಹೊರಟ ಅಫಜಲಖಾನ ಪ್ರತಾಪಗಡದಲ್ಲಿ ಸತ್ತದ್ದು ಅದೇ ನವೆಂಬರಿನಲ್ಲಿ. ಆ ಕಾಳಗ ಶಾಲೆಯಲ್ಲಿ ಬಾಯಿಪಾಠವಾಗಿತ್ತು. ಈ ತಾಯಿಯ ಸಂಕಟ ಯಾರು ಹೇಳಿದ್ದರು ಹೇಳಿ? ಎರಡು ಹೂ ಇಟ್ಟು, ಪದ್ಮಾವತಿ ಗುಡಿಯಲ್ಲಿ ಮಲಗಿದೆವು.

ಮರುದಿನ ಸಂಜೀವನಿ ಮಾಚಿ, ಆಳು ದರವಾಜೆ ದಾಟಿ ಬೆಟ್ಟದ ಏಣಿನ ಮೇಲೆ ಇಡೀ ದಿನದ ನಡಿಗೆ. ಎರಡೂ ಕಡೆ ಕಣಿವೆ. “ವೈನಿ, ಕೆಳಗ ನೋಡಬ್ಯಾಡ್ರಿ” ಅಂತ ನಾದಿನಿ. ಕೊನೆಗೆ ಕಬ್ಬಿಣದ ಏಣಿ ಹತ್ತಿದರೆ ತೋರಣಾದ ಬುಧಲಾ ಮಾಚಿ. ೧೬೪೬ರಲ್ಲಿ ಹದಿನಾರರ ಹುಡುಗ ಶಿವಾಜಿ ಗೆದ್ದ ಕೋಟೆ ಇದು. ಇಳಿದರೆ ವೇಲ್ಹೆ ಊರು.

ಹೋಗುವುದಾದರೆ ಚಳಿಗಾಲವೇ ಒಳ್ಳೆಯದು. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೆಡುವುದಿಲ್ಲ. ತಲಾ ಮೂರು ಲೀಟರ್ ನೀರಿರಲಿ. ದಾರಿ ಬಲ್ಲ ಹಳ್ಳಿಯವರೊಬ್ಬರನ್ನು ಕರೆದುಕೊಳ್ಳಿ. ಕೋಟೆಯ ಮೇಲೆ ರಾತ್ರಿ ತಂಗಲು ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿ. ಸಯೀಬಾಯಿಯವರ ಸಮಾಧಿಗೆ ಹೂ ಒಯ್ಯಲು ಮರೆಯದಿರಿ.