ಈರಿ ಸರೋವರದ ದಂಡೆಯಲ್ಲಿ ಒಂದು ಬೆಳಗು

ಕಾಲೇಜಿಗೆ ಬೇಸಿಗೆಯ ರಜೆ ಬಂದೊಡನೆ ಕೆನಡಾದ ವಿಂಡ್ಸರ್ ನಗರದಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಮೇ ತಿಂಗಳ ಎರಡನೆಯ ವಾರ. ಸಂಜೆ ಮಳೆ ಹಿಡಿದುದನ್ನು ಕಂಡು ನಾನು ಪೆಚ್ಚಾದರೆ, ಅಣ್ಣ ಮಾತ್ರ ಹಿಗ್ಗಿದ. "ಇರುಳು ಮಳೆ ಸುರಿದರೆ ಬೆಳಗ್ಗೆ ಹಕ್ಕಿಗಳು ಕೆಳಗಿಳಿದಿರುತ್ತವೆ. ಬೇಗ ಮಲಗು" ಎಂದ.

ಕತ್ತಲಿರುವಾಗಲೇ ಹೊರಟು ಪಾಯಿಂಟ್ ಪೆಲೀ ಸೇರಿದೆವು. ಕೆನಡಾದ ಮುಖ್ಯಭೂಮಿಯ ತೀರ ದಕ್ಷಿಣದ ತುದಿ ಅದು. 1918ರಿಂದ ರಾಷ್ಟ್ರೀಯ ಉದ್ಯಾನ. ಈರಿ ಸರೋವರದೊಳಕ್ಕೆ ಚಾಚಿದ ಕಾಡು ಬರಬರುತ್ತ ಕಿರಿದಾಗಿ, ಕೊನೆಗೆ ಬರಿಯ ಮರಳಿನ ಮೊನೆಯಾಗುತ್ತದೆ. ಮಧ್ಯ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಚಳಿಗಾಲ ಕಳೆದ ಹಾಡುಹಕ್ಕಿಗಳು ಉತ್ತರದ ಕಾಡುಗಳಲ್ಲಿ ಗೂಡು ಕಟ್ಟಲೆಂದು ವಸಂತದಲ್ಲಿ ಈ ದಾರಿಯಾಗಿ ಬರುತ್ತವೆ. ಪಯಣ ಬಹುಮಟ್ಟಿಗೆ ಇರುಳಿನಲ್ಲೇ. ಸರೋವರದ ಮೇಲೆ ಎದುರುಗಾಳಿಯೋ ಮಳೆಯೋ ಸಿಕ್ಕಿತೆಂದರೆ ಬಳಲಿ, ಕಂಡ ಮೊದಲ ನೆಲದಲ್ಲೇ ಇಳಿದುಬಿಡುತ್ತವೆ.

ಮರಗಳಿನ್ನೂ ಪೂರ್ತಿ ಚಿಗುರಿರಲಿಲ್ಲ. ಹಕ್ಕಿಯನ್ನು ಮರೆಮಾಡುವ ಎಲೆಗಳಿಲ್ಲದ ಈ ಕೆಲವೇ ದಿನಗಳು ಛಾಯಾಗ್ರಾಹಕನಿಗೆ ಸುಗ್ಗಿ. ಆದರೂ ಮೋಡ ಮುಸುಕಿದ ಬೆಳಕಿನಲ್ಲಿ, ಅರೆಗಳಿಗೆಯೂ ಒಂದೆಡೆ ನಿಲ್ಲದ ಈ ಪುಟ್ಟ ಜೀವಗಳನ್ನು ಚಿತ್ರದಲ್ಲಿ ಹಿಡಿಯುವುದು ಸುಲಭವಲ್ಲ. ಒಂದು ಸೆಕೆಂಡಿನ 500ನೆಯ ಒಂದು ಪಾಲಿಗಿಂತ ನಿಧಾನವಾಗಿ ತೆಗೆದ ನನ್ನ ಚಿತ್ರಗಳಲ್ಲೆಲ್ಲ ಬರಿಯ ಬಣ್ಣದ ಕಲೆಗಳೇ ಮೂಡಿದ್ದವು.

ಆಗ ಕಂಡಿತು, ಬ್ಲ್ಯಾಕ್‌ಬರ್ನಿಯನ್ ಎಂಬ ಉಲಿಯಕ್ಕಿಯ ಗಂಡು. ಕಪ್ಪು ಬಿಳುಪಿನ ಮೈ, ಕೆಂಡದಂಥ ಕಿತ್ತಳೆಯ ಕೊರಳು; ತೂಕ ಸುಮಾರು 10 ಗ್ರಾಂ. ಚಳಿಗಾಲವನ್ನು ಆಂಡೀಸ್ ಪರ್ವತಗಳ ಕಾಡಿನಲ್ಲಿ ಕಳೆಯುವ ಹಕ್ಕಿಯದು. ನನ್ನಿಂದ ನಾಲ್ಕು ಮಾರು ದೂರದಲ್ಲಿ, ಮರಳಿನ ಮೇಲೆ, ರೆಕ್ಕೆ ಇಳಿಬಿಟ್ಟು ಕುಳಿತಿತ್ತು. ಅಡ್ಡವಾಗಿದ್ದ ಹುಲ್ಲಿನೆಸಳನ್ನು ತಪ್ಪಿಸಲು ನಾನು ಮುಂದಕ್ಕೆ ಕಾಲಿಟ್ಟೆ. ಅಣ್ಣ ತೋಳು ಹಿಡಿದ.

"ಇನ್ನೊಂದು ಹೆಜ್ಜೆಯಿಟ್ಟರೆ ಅದು ಹಾರಬೇಕಾಗುತ್ತದೆ ಕಣೋ. ಹಾರುವ ಕಸುವು ಅದರಲ್ಲಿ ಉಳಿದಿದೆಯೇ ನೋಡು."

ನಿಂತೆ. ಹಕ್ಕಿ ಮೆಲ್ಲನೆ ಒಂದು ಹುಳುವನ್ನು ಕುಕ್ಕಿ ನುಂಗಿತು, ಇನ್ನೊಂದನ್ನು ಹುಡುಕಿತು. ಅರ್ಧ ಗಂಟೆಯ ಬಳಿಕ ಪೊದೆಗೆ ಹಾರಿ, ಪೊದೆಯಿಂದ ಮರಕ್ಕೇರಿತು. ನನಗೆ ದಕ್ಕಿದ್ದು, ಕೊರಳ ಮೇಲೆ ಹುಲ್ಲಿನೆಸಳು ಗೀರೆಳೆದಂತೆ ಬಂದ ಒಂದೇ ಚಿತ್ರ.

ಹಿಂದಿರುಗುವಾಗ ಅಣ್ಣ ಕೇಳಿದ: "ಚಳಿಗಾಲದಲ್ಲಿ ನಮ್ಮ ಹಿತ್ತಿಲ ಮಾವಿನ ಮರಕ್ಕೆ ಹಸಿರು ಉಲಿಯಕ್ಕಿ ಈಗಲೂ ಬರುತ್ತದೆಯೇ?"

"ಬರುತ್ತದೆ ಅಣ್ಣ, ವರ್ಷ ತಪ್ಪದೆ ಬರುತ್ತದೆ" ಎಂದೆ.

ಹನ್ನೊಂದು ವರ್ಷಗಳಿಂದ ಊರಿಗೆ ಬಾರದ ಅವನು ದಾರಿಯುದ್ದಕ್ಕೂ ಮತ್ತೆ ಮಾತಾಡಲಿಲ್ಲ.

ಮರಳಿ ಬಂದು ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಹುಲ್ಲಿನ ಗೀರು ಆಕೆಯ ಕಣ್ಣಿಗೆ ಬೀಳಲಿಲ್ಲ. "ಹಕ್ಕಿ ಚೆನ್ನಾಗಿದೆ" ಎಂದು ಕನ್ನಡಕ ತೆಗೆದು ಕೇಳಿದರು: "ಅವನು ಯಾವಾಗ ಬರುತ್ತಾನಂತೆ?"